ಯಂತ್ರದ ಗುರುತುಗಳು: ಒಯ್ಯಬಲ್ಲ ಕ್ಯಾಸೆಟ್ ಸ್ಟೀರಿಯೋಗಳ ಆರಂಭಿಕ ಸೌಲಭ್ಯಗಳು ಮತ್ತು ಧ್ವನಿಸಂಗ್ರಹಗಳ ಓದು

ಜನಪದ ಪಠ್ಯವೊಂದನ್ನು ಓದುವಾಗ ಅದನ್ನು ಯಾರು ಹಾಡಿದರು, ಎಲ್ಲಿ ಮತ್ತು ಯಾವ ಸಂದರ್ಭದಲ್ಲಿ ಹಾಡಿದರು, ಎದುರಿಗೆ ಕೇಳುಗರು ಯಾರಿದ್ದರು ಎಂಬ ಪ್ರಶ್ನೆಗಳನ್ನು ಎತ್ತುವುದು ಇಂದು ವಿದ್ವಾಂಸರಿಗೆ ರೂಢಿಯಾಗಿದೆ. ಅಲನ್ ಡಂಡಸ್ 1964ರಲ್ಲಿ ಪಠ್ಯ, ಹೆಣಿಗೆ ಮತ್ತು ಸಂದರ್ಭ ಎಂಬ ಮೂರು ನೆಲೆಗಳನ್ನು ಪ್ರತ್ಯೇಕಿಸಿ ತೋರಿಸಿದ ಮೇಲೆ ಈ ಪ್ರಶ್ನೆಗಳಿಗೆ ಶಾಸ್ತ್ರೀಯವಾದ ಚೌಕಟ್ಟೂ ದೊರೆಯಿತು. ಆದರೆ ಹಾಡುಗಾರನಿಗೂ ಸಂಶೋಧಕನ ಮೇಜಿಗೂ ನಡುವೆ ನಿಂತ ಒಂದು ವಸ್ತು ಈ ಚೌಕಟ್ಟಿನ ಹೊರಗೇ ಉಳಿದುಬಿಟ್ಟಿದೆ. ಅದು ಧ್ವನಿಮುದ್ರಣ ಯಂತ್ರ. 1970 ಮತ್ತು 1980ರ ದಶಕಗಳಲ್ಲಿ ಭಾರತದಲ್ಲಿ ನಡೆದ ಕ್ಷೇತ್ರಕಾರ್ಯದ ಬಹುಪಾಲು ಕ್ಯಾಸೆಟ್ಟುಗಳಲ್ಲಿದೆ. ಆ ಕ್ಯಾಸೆಟ್ಟುಗಳು ಗ್ರಂಥಾಲಯಗಳಲ್ಲಿ, ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳಲ್ಲಿ, ಸಂಗ್ರಾಹಕರ ಮನೆಗಳ ಅಟ್ಟದ ಮೇಲೆ ಉಳಿದಿವೆ. ಅವುಗಳನ್ನು ಕೇಳುವವರು ಹಾಡುಗಾರನ ದನಿಯನ್ನು ನೇರವಾಗಿ ಕೇಳುತ್ತಿದ್ದೇವೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಅವರು ಕೇಳುತ್ತಿರುವುದು, ಯಂತ್ರದ ತಯಾರಕರು ಬೇರೆಯೇ ಉದ್ದೇಶಗಳಿಗಾಗಿ ಅಳವಡಿಸಿದ ಕೆಲವು ಸೌಲಭ್ಯಗಳ ಮೂಲಕ ಹಾದುಬಂದ ದನಿಯನ್ನು. ಒಯ್ಯಬಲ್ಲ ಕ್ಯಾಸೆಟ್ ಯಂತ್ರಗಳಿಗೆ ಆ ಸೌಲಭ್ಯಗಳು ಹೇಗೆ ಬಂದವು, ಅವು ಧ್ವನಿಯ ಮೇಲೆ ಯಾವ ಗುರುತುಗಳನ್ನು ಬಿಟ್ಟಿವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬರ್ಲಿನ್‌ನಿಂದ ಆರಂಭ

ಕಾಂತೀಯ ಪಟ್ಟಿಯ ಮೇಲೆ ಧ್ವನಿಯನ್ನು ಮುದ್ರಿಸುವ ವಿದ್ಯೆ ಕ್ಯಾಸೆಟ್ಟಿಗಿಂತ ಹಳೆಯದು. ಸ್ಟೀಫಾನ್ ಕುಡೆಲ್‌ಸ್ಕಿ ಸ್ವಿಟ್ಜರ್ಲೆಂಡಿನಲ್ಲಿ ರೂಪಿಸಿದ ನಾಗ್ರಾ, ಜರ್ಮನಿಯ ಊಹರ್ ಮುಂತಾದ ಸುರುಳಿ ಯಂತ್ರಗಳು ಹೊರಾಂಗಣ ಮುದ್ರಣಕ್ಕೆ ಮೊದಲೇ ಬಳಕೆಯಲ್ಲಿದ್ದವು. ಅವು ಉತ್ತಮ ಯಂತ್ರಗಳೇ. ಆದರೆ ಬೆಲೆ ದುಬಾರಿ, ಸುರುಳಿಯನ್ನು ಕೈಯಿಂದ ಪೋಣಿಸಬೇಕಾದ ತೊಡಕು ಬೇರೆ. ಹಾಲೆಂಡಿನ ಫಿಲಿಪ್ಸ್ ಸಂಸ್ಥೆಗಾಗಿ ಬೆಲ್ಜಿಯಂನ ಹಾಸೆಲ್ಟ್‌ನಲ್ಲಿ ಲೂ ಓಟೆನ್ಸ್ ಅವರ ತಂಡ ರೂಪಿಸಿದ ಕಾಂಪ್ಯಾಕ್ಟ್ ಕ್ಯಾಸೆಟ್ 1963ರ ಆಗಸ್ಟ್ ಕೊನೆಯಲ್ಲಿ ಬರ್ಲಿನ್‌ನ ರೇಡಿಯೋ ಪ್ರದರ್ಶನದಲ್ಲಿ ಬೆಳಕಿಗೆ ಬಂತು. ಪಟ್ಟಿಯ ಅಗಲ 3.81 ಮಿಲಿಮೀಟರ್, ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಈ ಅಗಲಕ್ಕೂ ಈ ವೇಗಕ್ಕೂ ಸಂಗೀತ ಹಿಡಿಸೀತೆಂಬ ಭರವಸೆ ಆಗ ಹೆಚ್ಚು ಜನರಿಗಿರಲಿಲ್ಲ. ಮಾತನ್ನು, ಪತ್ರದ ಉಕ್ತಲೇಖನವನ್ನು, ಟಿಪ್ಪಣಿಯನ್ನು ಹಿಡಿದಿಡುವುದು ಅದರ ಮೊದಲ ಉದ್ದೇಶವಾಗಿತ್ತು.

ಆದರೂ ಫಿಲಿಪ್ಸ್ ತಂಡ ಕೈಗೊಂಡ ಒಂದು ನಿರ್ಧಾರ ಮುಂದಿನ ಇತಿಹಾಸವನ್ನೆಲ್ಲ ನಿರ್ಧರಿಸಿತೆನ್ನಬಹುದು. ಸುರುಳಿ ಯಂತ್ರಗಳಲ್ಲಿ ನಾಲ್ಕು ಪಥಗಳಿದ್ದಾಗ ಒಂದು ದಿಕ್ಕಿನ ಎಡ ಬಲ ಪಥಗಳು ಒಂದರ ಪಕ್ಕ ಒಂದಿರುತ್ತಿರಲಿಲ್ಲ. ನಡುವೆ ಮತ್ತೊಂದು ದಿಕ್ಕಿನ ಪಥ ಬರುತ್ತಿತ್ತು. ಕ್ಯಾಸೆಟ್ಟಿನಲ್ಲಿ ಒಂದು ಬದಿಯ ಎರಡು ಸ್ಟೀರಿಯೋ ಪಥಗಳನ್ನು ಪಕ್ಕಪಕ್ಕದಲ್ಲೇ ಇಡಲಾಯಿತು. ಎರಡೂ ಸೇರಿ ಒಂದು ಏಕಪಥದಷ್ಟೇ ಅಗಲ. ಹೀಗಾಗಿ ಸ್ಟೀರಿಯೋ ಕ್ಯಾಸೆಟ್ಟನ್ನು ಅಗ್ಗದ ಏಕವಾಹಿನಿ ಯಂತ್ರದಲ್ಲಿ ಹಾಕಿದರೂ ಏನೂ ಕಳೆದುಹೋಗದಂತೆ ಕೇಳಬಹುದಿತ್ತು. ಹಳೆಯ ಯಂತ್ರದ ಮುದ್ರಣ ಹೊಸ ಸ್ಟೀರಿಯೋದಲ್ಲೂ ನುಡಿಯುತ್ತಿತ್ತು. ಹಳ್ಳಿಯ ಟೇಪು ಮತ್ತು ಪಟ್ಟಣದ ಸ್ಟೀರಿಯೋ ಒಂದೇ ಕ್ಯಾಸೆಟ್ಟನ್ನು ಹಂಚಿಕೊಳ್ಳಲು ಸಾಧ್ಯವಾದದ್ದು ಇದರಿಂದ. ಸೋನಿ ಮೊದಲಾದ ಜಪಾನೀ ಸಂಸ್ಥೆಗಳೊಂದಿಗಿನ ಮಾತುಕತೆಯ ಬಳಿಕ ಫಿಲಿಪ್ಸ್ ತನ್ನ ವಿನ್ಯಾಸವನ್ನು ರಾಯಧನವಿಲ್ಲದೆ ಬಿಟ್ಟುಕೊಟ್ಟದ್ದು ಇದಕ್ಕೆ ಸೇರಿದ ಮತ್ತೊಂದು ಕಾರಣ.

1966ರಲ್ಲಿ ಫಿಲಿಪ್ಸ್ ಒಂದೇ ಪೆಟ್ಟಿಗೆಯಲ್ಲಿ ರೇಡಿಯೋ ಮತ್ತು ಕ್ಯಾಸೆಟ್ ಯಂತ್ರಗಳನ್ನು ಕೂಡಿಸಿತು. ಕೇಳಲು ಇದು ಸಾಮಾನ್ಯ ಸಂಗತಿ. ಆದರೆ ಪೆಟ್ಟಿಗೆಯೊಳಗೆ ರೇಡಿಯೋದಿಂದ ಪಟ್ಟಿಗೆ ನೇರವಾಗಿ ತಂತಿ ಎಳೆದದ್ದರಿಂದ, ರೇಡಿಯೋದ ಮುಂದೆ ಮೈಕ್ ಹಿಡಿದು ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂರಬೇಕಾದ ಕಾಲ ಮುಗಿಯಿತು. ಪ್ರಸಾರವಾದ ಹಾಡು ಕೇಳುಗನ ಸ್ವತ್ತಾಗತೊಡಗಿತು. ಜಪಾನಿನಲ್ಲಿ ಈ ಜೋಡಿಯಂತ್ರಕ್ಕೆ ‘ರಾಜಿಕಾಸೆ’ ಎಂಬ ಹೆಸರು ನಿಂತಿತು. ಭಾರತದಲ್ಲಿ ಅದೇ ‘ಟೂ-ಇನ್-ಒನ್’. ಕರಾವಳಿ ಕರ್ನಾಟಕದ ಮನೆಗಳಲ್ಲಿ ಈ ಹೆಸರು ಬಹುಕಾಲ ಕೊಲ್ಲಿ ದೇಶಗಳಿಂದ ರಜೆಗೆ ಬಂದವರ ಪೆಟ್ಟಿಗೆಯೊಂದಿಗೆ ತಳುಕು ಹಾಕಿಕೊಂಡಿತ್ತು. ಅಮೆರಿಕದ ‘ಬೂಮ್‌ಬಾಕ್ಸ್’ ಎಂಬ ಹೆಸರು ಯಂತ್ರದ ಸದ್ದನ್ನು ಹೇಳಿದರೆ ನಮ್ಮ ಹೆಸರು ಅದರ ಮಿತವ್ಯಯವನ್ನು ಹೇಳುತ್ತದೆ.

ತಾನೇ ಕಿವಿ ಹಿಡಿದುಕೊಂಡ ಯಂತ್ರ

ಆರಂಭಿಕ ಸೌಲಭ್ಯಗಳಲ್ಲಿ ಜಾನಪದ ಸಂಶೋಧಕರಿಗೆ ಅತ್ಯಂತ ಮುಖ್ಯವಾದುದು, ಜಾಹೀರಾತುಗಳಲ್ಲಿ ಅತ್ಯಂತ ಕಡಿಮೆ ಸದ್ದು ಮಾಡಿದ ಸೌಲಭ್ಯ. ಅದು ಸ್ವಯಂಚಾಲಿತ ಮಟ್ಟ ನಿಯಂತ್ರಣ. ಸುರುಳಿ ಯಂತ್ರಗಳಲ್ಲಿ ಮುದ್ರಿಸುವವನು ಮುಳ್ಳನ್ನು ನೋಡುತ್ತ, ಗುಂಡಿಯನ್ನು ತಿರುಗಿಸುತ್ತ ಧ್ವನಿಯ ಮಟ್ಟವನ್ನು ತಾನೇ ಹೊಂದಿಸಬೇಕಾಗಿತ್ತು. ಸದ್ದು ಮಿತಿಮೀರಿದರೆ ಮುದ್ರಣ ಒಡೆಯುತ್ತಿತ್ತು, ಕುಗ್ಗಿದರೆ ಪಟ್ಟಿಯ ಮೊರೆತದಲ್ಲಿ ಮುಳುಗುತ್ತಿತ್ತು. ತರಬೇತಿಯಿಲ್ಲದ ಬಳಕೆದಾರನಿಗೆ ಈ ಕಷ್ಟ ಬೇಡವೆಂದು ತಯಾರಕರು ಯಂತ್ರಕ್ಕೇ ಆ ಕೆಲಸ ಒಪ್ಪಿಸಿದರು. ಜೋರಾದ ಸದ್ದು ಬಂದಾಗ ವಿದ್ಯುನ್ಮಂಡಲ ತನ್ನ ಗ್ರಹಣಶಕ್ತಿಯನ್ನು ಕ್ಷಣಮಾತ್ರದಲ್ಲಿ ತಗ್ಗಿಸುತ್ತದೆ. ಸದ್ದು ಅಡಗಿದ ಮೇಲೆ ನಿಧಾನವಾಗಿ ಮತ್ತೆ ಏರಿಸುತ್ತದೆ. ಇದರ ಜೊತೆಗೆ ಬಂದದ್ದು ಪೆಟ್ಟಿಗೆಯೊಳಗಿನ ಮೈಕ್. ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ 1962ರಲ್ಲಿ ರೂಪಿಸಿದ ಎಲೆಕ್ಟ್ರೆಟ್ ಮೈಕ್ ಅಗ್ಗವೂ ಪುಟ್ಟದೂ ಆಗಿದ್ದುದರಿಂದ, ಅದನ್ನು ಯಂತ್ರದ ಮೂಲೆಯಲ್ಲೇ ಕೂರಿಸಿಬಿಡಲು ಸಾಧ್ಯವಾಯಿತು. ಸ್ಟೀರಿಯೋ ಮಾದರಿಗಳಲ್ಲಿ ಎರಡು ಅಂಚುಗಳಲ್ಲಿ ಎರಡು ಮೈಕ್‌ಗಳು. ಇನ್ನು ಮುದ್ರಿಸಲು ಬೇಕಾದದ್ದು ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತುವ ಬೆರಳುಗಳು ಮಾತ್ರ.

ಇದರ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಈ ಸೌಲಭ್ಯವಿಲ್ಲದಿದ್ದರೆ ಎಷ್ಟೋ ವಕ್ತೃಗಳ ದನಿ ಇಂದು ನಮಗೆ ಉಳಿಯುತ್ತಲೇ ಇರಲಿಲ್ಲ. ಆದರೆ ಅದು ಬಿಟ್ಟ ಗುರುತನ್ನು ಗಮನಿಸಬೇಕು. ಮಲೆಯ ಮಾದೇಶ್ವರನ ಕಥೆಯನ್ನು ಹಾಡುವ ದೇವರಗುಡ್ಡರ ಮೇಳವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕಂಚಿನ ಕಂಸಾಳೆಯ ಪೆಟ್ಟು ತೀಕ್ಷ್ಣವಾದುದು. ಪ್ರತಿಯೊಂದು ಪೆಟ್ಟಿಗೂ ಯಂತ್ರ ಕಿವಿ ಮುಚ್ಚಿಕೊಳ್ಳುತ್ತದೆ. ಆ ಪೆಟ್ಟಿನ ಬೆನ್ನಿಗೇ ಬಂದ ಮುಖ್ಯ ಗಾಯಕನ ನುಡಿಯ ಮೊದಲಕ್ಷರಗಳು ಕುಗ್ಗುತ್ತವೆ. ನುಡಿಯ ಕೊನೆಗೆ ದನಿ ಮತ್ತೆ ಏರುತ್ತದೆ. ಕೇಳುಗನಿಗೆ ಗಾಯಕ ಸಾಲಿನ ಆದಿಯನ್ನು ನುಂಗಿ ಅಂತ್ಯವನ್ನು ಎತ್ತಿ ಹಾಡುತ್ತಿದ್ದಾನೆಂಬ ಭ್ರಮೆ ಉಂಟಾಗುತ್ತದೆ. ಲಿಪ್ಯಂತರ ಮಾಡುವವರು ಇಂಥ ಕಡೆಗಳಲ್ಲಿ ‘ಅಸ್ಪಷ್ಟ’ ಎಂದು ಬರೆದುಕೊಳ್ಳುತ್ತಾರೆ. ಗಾಯಕ ಅಸ್ಪಷ್ಟವಾಗಿ ಹಾಡಿರಲಿಲ್ಲ.

ಮುಮ್ಮೇಳ ಹಿಮ್ಮೇಳಗಳ ಸಂಬಂಧವೂ ಹೀಗೆಯೇ ಮಸುಕಾಗುತ್ತದೆ. ಒಬ್ಬ ಗಾಯಕ ಹಾಡಿದಾಗ ಯಂತ್ರ ತನ್ನನ್ನು ತೆರೆದುಕೊಂಡು ಅವನ ಒಂಟಿ ದನಿಯನ್ನು ದೊಡ್ಡದು ಮಾಡುತ್ತದೆ. ಮೂವರು ನಾಲ್ವರು ಸೊಲ್ಲು ತೆಗೆದುಕೊಂಡಾಗ ಮುಚ್ಚಿಕೊಂಡು ಅವರನ್ನು ಚಿಕ್ಕದು ಮಾಡುತ್ತದೆ. ಪಟ್ಟಿಯ ಮೇಲೆ ಇಬ್ಬರದೂ ಒಂದೇ ಎತ್ತರ. ನೀಲಗಾರರ ಗಾಯನದಲ್ಲಿ ತಂಬೂರಿಯ ಮೆಲ್ಲನೆಯ ಮಿಡಿತಕ್ಕೂ ಡಗ್ಗದ ಏಟಿಗೂ ಇರುವ ಅಂತರ ಹೀಗೆ ಕರಗಿಹೋಗುತ್ತದೆ. ಇದಕ್ಕಿಂತಲೂ ಸೂಕ್ಷ್ಮವಾದದ್ದು ಮೌನದ ಪ್ರಶ್ನೆ. ಗಾಯಕ ಉಸಿರೆಳೆದುಕೊಳ್ಳಲು ನಿಂತಾಗ ಯಂತ್ರ ಆ ಮೌನವನ್ನು ಒಪ್ಪಿಕೊಳ್ಳದೆ ಏನನ್ನಾದರೂ ಕೇಳಲು ಹವಣಿಸುತ್ತದೆ. ಜೀರುಂಡೆ, ದೂರದ ನಾಯಿ, ಪಕ್ಕದಲ್ಲಿ ಕುಳಿತವರ ಪಿಸುಮಾತು, ಯಂತ್ರದ ಮೋಟಾರಿನ ಗೊರಗೊರ ಎಲ್ಲವೂ ಮುಂದಕ್ಕೆ ಬರುತ್ತವೆ. ಕೇಳುಗರ ಪ್ರತಿಕ್ರಿಯೆಯನ್ನು ಅಧ್ಯಯನ ಮಾಡುವವರಿಗೆ ಇದೊಂದು ಅನಿರೀಕ್ಷಿತ ವರವೂ ಹೌದು. ಮಟ್ಟವನ್ನು ಕೈಯಿಂದ ಹೊಂದಿಸಿದ ಮುದ್ರಣದಲ್ಲಿ ಎಂದೂ ಕೇಳದ ಪಿಸುಮಾತು ಇಲ್ಲಿ ಕೇಳುತ್ತದೆ. ಆದರೆ ಸಭೆ ಗದ್ದಲದಿಂದ ಕೂಡಿತ್ತೆಂದು ಅದರ ಆಧಾರದ ಮೇಲೆ ತೀರ್ಮಾನಿಸುವುದು ತಪ್ಪಾದೀತು.

ಡೆನ್‌ಸುಕೆ, ಡಾಲ್ಬಿ ಮತ್ತು ಚಂಡೀಗಢ

ಅಗ್ಗದ ಯಂತ್ರಗಳ ಈ ಮಿತಿಯನ್ನು ಮೀರುವ ಪ್ರಯತ್ನವೂ ಜಪಾನಿನಲ್ಲೇ ನಡೆಯಿತು. ಅಲ್ಲಿ 1970ರ ದಶಕದಲ್ಲಿ ಹೊರಾಂಗಣದ ನೈಜ ಸದ್ದುಗಳನ್ನು ಮುದ್ರಿಸುವ ಹವ್ಯಾಸ ದೊಡ್ಡ ಅಲೆಯಾಗಿ ಹಬ್ಬಿ ‘ನಾಮಾರೊಕು’ ಎಂಬ ಹೆಸರು ಪಡೆಯಿತು. ಜಪಾನಿನ ರಾಷ್ಟ್ರೀಯ ರೈಲ್ವೆ ಉಗಿಬಂಡಿಗಳನ್ನು ಹಳಿಯಿಂದ ಇಳಿಸುತ್ತಿದ್ದ ವರ್ಷಗಳವು. ಮರೆಯಾಗಲಿರುವ ಸದ್ದನ್ನು ಹಿಡಿದಿಡಲು ಯುವಕರು ಯಂತ್ರಗಳನ್ನು ಹೆಗಲಿಗೇರಿಸಿ ರೈಲುಹಾದಿಗಳ ಪಕ್ಕದಲ್ಲಿ ಕಾದು ನಿಂತರು. ಜಾನಪದ ಸಂಗ್ರಾಹಕರ ಆತಂಕಕ್ಕೂ ಇವರದಕ್ಕೂ ಇರುವ ಹೋಲಿಕೆ ಗಮನಾರ್ಹ. ಈ ಹವ್ಯಾಸಿಗಳಿಗಾಗಿ ಸೋನಿ 1973ರಲ್ಲಿ ಹೊರತಂದ ಟಿಸಿ-2850ಎಸ್‌ಡಿ ಯಂತ್ರಕ್ಕೆ ‘ಡೆನ್‌ಸುಕೆ’ ಎಂಬ ಹೆಸರಿತ್ತು. ಹೆಸರಿನ ಮೂಲ ಒಂದು ವ್ಯಂಗ್ಯಚಿತ್ರಮಾಲೆ. ರ್ಯೂಯಿಚಿ ಯೊಕೊಯಾಮಾ ಅವರ ಚಿತ್ರಮಾಲೆಯ ನಾಯಕನ ಹೆಸರು 1950ರ ದಶಕದಲ್ಲಿ ಸೋನಿಯ ಹೊರಾಂಗಣ ಸುರುಳಿ ಯಂತ್ರಕ್ಕೆ ಅಡ್ಡಹೆಸರಾಗಿ ಅಂಟಿಕೊಂಡು, ಬಳಿಕ ಸಂಸ್ಥೆಯೇ ಅದನ್ನು ಒಪ್ಪಿಕೊಂಡಿತು. ಜನ ಇಟ್ಟ ಹೆಸರು ತಯಾರಕರ ಮುದ್ರೆಯಾದದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

1978ರ ಟಿಸಿ-ಡಿ5 ಈ ಸಾಲಿನ ಮುಂದಿನ ಹೆಜ್ಜೆ. ಎರಡು ಕಿಲೋಗ್ರಾಂಗಿಂತಲೂ ಕಡಿಮೆ ತೂಕದ, ಎರಡೇ ದೊಡ್ಡ ಸೆಲ್ಲುಗಳಿಂದ ನಡೆಯುವ ಈ ಸ್ಟೀರಿಯೋ ಯಂತ್ರದಲ್ಲಿ ಕೈಯಿಂದ ತಿರುಗಿಸುವ ಮಟ್ಟದ ಗುಂಡಿ, ಎರಡು ಮುಳ್ಳುಗಳು, ಹೊರಗಿನ ಮೈಕ್‌ಗಳಿಗೆ ಕಿಂಡಿಗಳು ಇದ್ದವು. ಪೆಟ್ಟಿಗೆಯೊಳಗಿನ ಮೈಕ್ ಇರಲಿಲ್ಲ; ಆದುದರಿಂದ ಮೋಟಾರಿನ ಸದ್ದೂ ಇರಲಿಲ್ಲ. ಜಗತ್ತಿನ ಅನೇಕ ಕಡೆಗಳಲ್ಲಿ ಜನಾಂಗೀಯ ಸಂಗೀತದ ವಿದ್ವಾಂಸರು ಈ ಯಂತ್ರವನ್ನೂ ಅದರ ಪರಿಷ್ಕೃತ ರೂಪವನ್ನೂ ನೆಚ್ಚಿಕೊಂಡರು.

ಈ ಯಂತ್ರಗಳಲ್ಲಿದ್ದ ಡಾಲ್ಬಿ ಎಂಬ ಸ್ವಿಚ್ಚಿಗೂ ಭಾರತಕ್ಕೂ ಒಂದು ನಂಟಿದೆ. ಕಿರಿದಾದ ಪಟ್ಟಿಯ ನಿಧಾನ ವೇಗದಿಂದ ಹುಟ್ಟುವ ‘ಸ್ಸ್’ ಎಂಬ ಮೊರೆತ ಕ್ಯಾಸೆಟ್ಟಿನ ಹುಟ್ಟುದೋಷ. ಅದನ್ನು ತಗ್ಗಿಸುವ ವಿಧಾನವನ್ನು ರೂಪಿಸಿದ ರೇ ಡಾಲ್ಬಿ 1963ರಿಂದ 1965ರವರೆಗೆ ಯುನೆಸ್ಕೋ ಸಲಹೆಗಾರರಾಗಿ ಚಂಡೀಗಢದ ಕೇಂದ್ರೀಯ ವೈಜ್ಞಾನಿಕ ಉಪಕರಣ ಸಂಸ್ಥೆಯಲ್ಲಿದ್ದರು. ಇಲ್ಲಿ ಸಂಗೀತವನ್ನು ಮುದ್ರಿಸುತ್ತಿದ್ದಾಗಲೇ ಮೊರೆತದ ಸಮಸ್ಯೆಯ ಬಗ್ಗೆ ಅವರ ಚಿಂತನೆ ಮೊಳೆಯಿತು. 1965ರಲ್ಲಿ ಲಂಡನ್ನಿನಲ್ಲಿ ಅವರ ಪ್ರಯೋಗಾಲಯ ಆರಂಭವಾಯಿತು. ಗೃಹಬಳಕೆಯ ‘ಬಿ’ ವಿಧಾನ 1968ರಲ್ಲಿ ಬಂತು. 1971ರ ಅಡ್ವೆಂಟ್ 201 ಎಂಬ ಯಂತ್ರ ಅದನ್ನು ಕ್ರೋಮಿಯಂ ಡೈಆಕ್ಸೈಡ್ ಪಟ್ಟಿಯೊಂದಿಗೆ ಸೇರಿಸಿ ಕ್ಯಾಸೆಟ್ಟೂ ಸಂಗೀತಕ್ಕೆ ಯೋಗ್ಯವೆಂದು ತೋರಿಸಿಕೊಟ್ಟಿತು. ವಿಧಾನದ ತಿರುಳು ಸರಳ. ಮುದ್ರಿಸುವಾಗ ಮೆಲ್ಲನೆಯ ಉಚ್ಚಸ್ವರಾಂಶಗಳನ್ನು ಎತ್ತಿ ಬರೆಯುವುದು, ನುಡಿಸುವಾಗ ಅಷ್ಟೇ ಇಳಿಸುವುದು. ಇಳಿಸುವಾಗ ಮೊರೆತವೂ ಸುಮಾರು ಹತ್ತು ಡೆಸಿಬೆಲ್‌ನಷ್ಟು ಇಳಿಯುತ್ತದೆ. ಆದುದರಿಂದ ಡಾಲ್ಬಿ ಹಾಕಿ ಮುದ್ರಿಸಿದ್ದನ್ನು ಡಾಲ್ಬಿ ಇಲ್ಲದೆ ನುಡಿಸಿದರೆ ದನಿ ಕೀರಲಾಗುತ್ತದೆ, ತಾಳದ ಝಣತ್ಕಾರ ಅತಿಯಾಗುತ್ತದೆ. ಹಾಕದೆ ಮುದ್ರಿಸಿದ್ದನ್ನು ಹಾಕಿ ನುಡಿಸಿದರೆ ದನಿ ಕಂಬಳಿ ಹೊದ್ದಂತಾಗುತ್ತದೆ. ಯಾವುದನ್ನು ಹೇಗೆ ಮುದ್ರಿಸಲಾಯಿತೆಂದು ಕ್ಯಾಸೆಟ್ಟಿನ ಚೀಟಿಯ ಮೇಲೆ ಒಂದು ಗೆರೆ ಬರೆದಿಟ್ಟ ಸಂಗ್ರಾಹಕರನ್ನು ಕೃತಜ್ಞತೆಯಿಂದ ನೆನೆಯಬೇಕು.

ತಡೆಗುಂಡಿ, ಎಣಿಕೆಗಾಲಿ, ಸೆಲ್ಲು

ಮುದ್ರಣವನ್ನು ಕ್ಷಣಕಾಲ ನಿಲ್ಲಿಸಿ ಮತ್ತೆ ಮುಂದುವರಿಸುವ ತಡೆಗುಂಡಿಗೆ ಎರಡು ವಿರುದ್ಧ ಚರಿತ್ರೆಗಳಿವೆ. ನ್ಯೂಯಾರ್ಕಿನ ಬಡ ಬಡಾವಣೆಗಳಲ್ಲಿ ಹಿಪ್‌ಹಾಪ್ ಸಂಗೀತ ಬೆಳೆಯುತ್ತಿದ್ದ ಕಾಲದಲ್ಲಿ, ಎರಡು ತಟ್ಟೆಯಂತ್ರಗಳನ್ನೂ ಮಿಶ್ರಣಯಂತ್ರವನ್ನೂ ಕೊಳ್ಳಲಾಗದ ಹುಡುಗರು ಟೇಪಿನ ತಡೆಗುಂಡಿಯೊಂದನ್ನೇ ವಾದ್ಯವನ್ನಾಗಿ ಮಾಡಿಕೊಂಡರು. ಹಾಡಿನ ತಾಳದ ತುಣುಕೊಂದನ್ನು ಮುದ್ರಿಸಿ, ತಡೆದು, ಹಿಂದಕ್ಕೆ ಸುತ್ತಿ, ಮತ್ತೆ ಅದೇ ತುಣುಕನ್ನು ಮುದ್ರಿಸಿ, ಹೀಗೆ ಹತ್ತಾರು ಬಾರಿ ಪೋಣಿಸಿ ಉದ್ದವಾದ ಲಯವನ್ನು ಕಟ್ಟಿದರು. ಇವುಗಳಿಗೆ ‘ಪಾಸ್ ಟೇಪ್’ ಎಂದೇ ಹೆಸರು. ಅಲ್ಲಿ ಈ ಗುಂಡಿ ಇಲ್ಲದ್ದನ್ನು ಸೃಷ್ಟಿಸಿತು. ಕ್ಷೇತ್ರಕಾರ್ಯದಲ್ಲಿ ಅದೇ ಗುಂಡಿ ಇದ್ದದ್ದನ್ನು ಅಳಿಸಿತು. ಕ್ಯಾಸೆಟ್ಟಿನ ಬೆಲೆ, ಸೆಲ್ಲಿನ ಬೆಲೆ, ಕೈಯಲ್ಲಿದ್ದ ಅಲ್ಪ ಅನುದಾನ ಇವುಗಳ ಒತ್ತಡದಲ್ಲಿ ಸಂಗ್ರಾಹಕ ಹಾಡಿನ ನಡುವಣ ಮಾತುಕತೆಯನ್ನು, ಕೆಮ್ಮನ್ನು, ‘ಮುಂದೇನಪ್ಪಾ’ ಎಂಬ ವಿಚಾರಣೆಯನ್ನು, ವೀಳ್ಯ ಹಾಕಿಕೊಳ್ಳುವ ಬಿಡುವನ್ನು ಬಿಟ್ಟುಬಿಡುತ್ತಿದ್ದುದು ಅರ್ಥವಾಗುವಂಥದ್ದೇ. ಸಂದರ್ಭವೇ ಪಠ್ಯದ ಭಾಗವೆಂದು ತಿಳಿಯುವ ಇಂದಿನ ಅಧ್ಯಯನಕ್ಕೆ ಬೇಕಾದದ್ದು ಮಾತ್ರ ನಿಖರವಾಗಿ ಅದೇ ಭಾಗ.

ಎಲ್ಲಿ ತಡೆಯಲಾಯಿತೆಂಬುದನ್ನು ಪಟ್ಟಿಯೇ ಹೇಳುತ್ತದೆ. ಫಿಲಿಪ್ಸ್‌ನ ಮೊದಲ ಯಂತ್ರದ ಕೈಮೈಕ್‌ನಲ್ಲಿಯೇ ಚಾಲೂ ಮಾಡಿ ನಿಲ್ಲಿಸುವ ಸ್ವಿಚ್ಚಿತ್ತು. ಮುಂದೆಯೂ ಅನೇಕ ಅಗ್ಗದ ಯಂತ್ರಗಳು ಇದನ್ನು ಉಳಿಸಿಕೊಂಡವು. ಆ ಸ್ವಿಚ್ಚು ಮೋಟಾರನ್ನೇ ನಿಲ್ಲಿಸುತ್ತದೆ. ಮತ್ತೆ ಚಾಲೂ ಮಾಡಿದಾಗ ಮೋಟಾರು ಪೂರ್ಣ ವೇಗಕ್ಕೆ ಬರುವ ಮುನ್ನ ಪಟ್ಟಿ ನಿಧಾನವಾಗಿ ಸರಿದಿರುತ್ತದೆ. ಆದ್ದರಿಂದ ಸರಿಯಾದ ವೇಗದಲ್ಲಿ ನುಡಿಸಿದಾಗ ಮೊದಲ ಅಕ್ಷರ ಕೀಚಲಾಗಿ ಹೊರಟು ಜಾರಿ ಸಹಜ ಶ್ರುತಿಗೆ ಇಳಿಯುತ್ತದೆ. ಯಂತ್ರದ ಮೇಲಿನ ತಡೆಗುಂಡಿಯಾದರೋ ಮೋಟಾರನ್ನು ತಿರುಗಲು ಬಿಟ್ಟು ಪಟ್ಟಿಯನ್ನು ಒತ್ತುವ ರಬ್ಬರ್ ಗಾಲಿಯನ್ನು ಮಾತ್ರ ಸರಿಸುತ್ತದೆ. ಅಲ್ಲಿ ಜಾರಿಕೆ ಇರದು, ಚಿಕ್ಕದೊಂದು ಟಿಕ್ ಸದ್ದು ಇದ್ದೀತು. ಜಾರಿಕೆ ಕೇಳಿದ ಕಡೆ ಮುದ್ರಣ ಕಡಿದು ಕೂಡಿದೆಯೆಂದು ನಿಶ್ಚಿತವಾಗಿ ಹೇಳಬಹುದು. ಟಿಕ್ ಕೇಳಿದ ಕಡೆ ಸಂಶಯಿಸಬಹುದು. ಮುದ್ರಿತ ಪಠ್ಯದಲ್ಲಿ ನಿರಂತರವಾಗಿ ಕಾಣುವ ಕಥನ ಮೂಲ ಕ್ಯಾಸೆಟ್ಟಿನಲ್ಲಿ ನಿರಂತರವಾಗಿತ್ತೇ ಎಂಬುದನ್ನು ಹೀಗೆ ಪರೀಕ್ಷಿಸಲು ಸಾಧ್ಯ.

ಮೂರು ಅಂಕಿಗಳ ಎಣಿಕೆಗಾಲಿ ಮತ್ತೊಂದು ನಿರಪಾಯಕಾರಿಯಾಗಿ ತೋರುವ ಸೌಲಭ್ಯ. ಕ್ಷೇತ್ರದ ದಿನಚರಿಗಳಲ್ಲಿ ‘ಎ ಬದಿ, 215ರಿಂದ ಸಾಲು ಆರಂಭ’ ಎಂಬ ಬಗೆಯ ನಮೂದುಗಳು ಇರುತ್ತವೆ. ಆ ಅಂಕಿ ನಿಮಿಷವನ್ನಾಗಲಿ ಪಟ್ಟಿಯ ಉದ್ದವನ್ನಾಗಲಿ ಹೇಳುವುದಿಲ್ಲ. ಪಟ್ಟಿ ಸುತ್ತಿಕೊಳ್ಳುವ ಗಾಲಿಯ ಸುತ್ತುಗಳನ್ನು ಒಂದು ಪುಟ್ಟ ರಬ್ಬರ್ ಪಟ್ಟಿಯ ಮೂಲಕ ಎಣಿಸುತ್ತದೆ, ಅಷ್ಟೆ. ಸುತ್ತಿಕೊಂಡ ಪಟ್ಟಿ ದಪ್ಪವಾದಂತೆ ಒಂದೊಂದು ಸುತ್ತಿಗೂ ಹೆಚ್ಚು ಕಾಲ ಹಿಡಿಯುವುದರಿಂದ ಮೊದಲ ನೂರಕ್ಕೂ ಕೊನೆಯ ನೂರಕ್ಕೂ ಸಮಯ ಒಂದೇ ಅಲ್ಲ. ಅದೂ ಅಲ್ಲದೆ ಒಂದು ಯಂತ್ರದ 215 ಮತ್ತೊಂದರ 215 ಆಗಬೇಕಾಗಿಲ್ಲ. ದಿನಚರಿ ಬರೆದ ಯಂತ್ರ ಕಳೆದುಹೋದಾಗ ಆ ಅಂಕಿಗಳು ಅನಾಥವಾಗುತ್ತವೆ. ಆದರೆ ಒಂದೇ ಬದಿಯಲ್ಲಿ ಗುರುತಿಸಬಲ್ಲ ಎರಡು ಮೂರು ನಮೂದುಗಳಿದ್ದರೆ ಉಳಿದವುಗಳ ಸ್ಥಾನವನ್ನು ಲೆಕ್ಕ ಹಾಕಿ ಕಂಡುಹಿಡಿಯಬಹುದು. ಶಾರ್ಪ್ ಸಂಸ್ಥೆ ತನ್ನ ಸ್ಟೀರಿಯೋಗಳಲ್ಲಿ ಅಳವಡಿಸಿದ ಎಪಿಎಸ್‌ಎಸ್ ಎಂಬ ಹುಡುಕುವ ಸೌಲಭ್ಯ ಈ ತೊಂದರೆಗೆ ಪರಿಹಾರವೆಂಬಂತೆ ಬಂತು. ವೇಗವಾಗಿ ಸುತ್ತುತ್ತ ಎರಡು ಹಾಡುಗಳ ನಡುವಣ ಖಾಲಿ ಜಾಗ ಸಿಕ್ಕಲ್ಲಿ ಅದು ತಾನೇ ನಿಲ್ಲುತ್ತಿತ್ತು. ಮೂರ್ನಾಲ್ಕು ನಿಮಿಷದ ಚಿತ್ರಗೀತೆಗಳ ಲೋಕಕ್ಕೆ ಹೇಳಿ ಮಾಡಿಸಿದ ಉಪಾಯವದು. ರಾತ್ರಿಯಿಡೀ ಹರಿಯುವ ಕಥನಕ್ಕೆ ಅಂಥ ಖಾಲಿ ಜಾಗವೇ ಇಲ್ಲ. ಇದ್ದರೂ, ಮೇಲೆ ಹೇಳಿದ ಮಟ್ಟ ನಿಯಂತ್ರಣ ಅದನ್ನು ಜೀರುಂಡೆಯ ಸದ್ದಿನಿಂದ ತುಂಬಿಬಿಟ್ಟಿರುತ್ತಿತ್ತು.

ಒಯ್ಯಬಲ್ಲ ಯಂತ್ರವನ್ನು ಒಯ್ಯಬಲ್ಲದನ್ನಾಗಿ ಮಾಡಿದ್ದು ಸೆಲ್ಲು. ವೇಗದ ಪ್ರಶ್ನೆಯೂ ಅದರ ಜೊತೆಗೇ ಬಂತು. ಮೋಟಾರಿನ ವೇಗನಿಯಂತ್ರಕ ಸೆಲ್ಲಿನ ಶಕ್ತಿ ಒಂದು ಮಿತಿಗೆ ಇಳಿಯುವವರೆಗೆ ವೇಗವನ್ನು ಹಿಡಿದಿಟ್ಟು ಬಳಿಕ ಕೈಬಿಡುತ್ತದೆ. ನಡುರಾತ್ರಿಯ ಹೊತ್ತಿಗೆ ಪಟ್ಟಿ ನಿಧಾನವಾಗುತ್ತದೆ. ಮರುದಿನ ಹೊಸ ಸೆಲ್ಲು ಹಾಕಿ ಕೇಳಿದಾಗ ಗಾಯಕನ ಶ್ರುತಿಯೂ ಲಯವೂ ಏರುತ್ತ ಹೋಗುತ್ತವೆ. ವೇಗದಲ್ಲಿ ಸುಮಾರು 6 ಪ್ರತಿಶತ ವ್ಯತ್ಯಾಸವಾದರೆ ಶ್ರುತಿ ಅರ್ಧ ಸ್ವರದಷ್ಟು ಸರಿಯುತ್ತದೆ. ಕಥೆ ಉತ್ಕರ್ಷಕ್ಕೆ ಬಂದಂತೆ ಗಾಯಕರು ನಿಜವಾಗಿಯೂ ಲಯವನ್ನು ತೀವ್ರಗೊಳಿಸುವುದುಂಟು, ಶ್ರುತಿಯನ್ನು ಏರಿಸುವುದೂ ಉಂಟು. ಹಾಗಾದರೆ ಪ್ರದರ್ಶನದ ಏರಿಕೆಯನ್ನು ಸೆಲ್ಲಿನ ಏರಿಕೆಯಿಂದ ಬೇರ್ಪಡಿಸುವುದು ಹೇಗೆ? ಇಲ್ಲಿ ಕಂಸಾಳೆಯೇ ಸಾಕ್ಷಿ ಹೇಳುತ್ತದೆ. ಗಂಟಲು ಏರಬಹುದು, ತಂಬೂರಿಯ ತಂತಿಯನ್ನು ಬಿಗಿಯಬಹುದು; ಎರಕ ಹೊಯ್ದ ಕಂಚಿನ ನಾದ ಒಂದು ರಾತ್ರಿಯಲ್ಲಿ ಬದಲಾಗದು. ಮುದ್ರಣದ ಆದಿಯ ಪೆಟ್ಟಿಗೂ ಅಂತ್ಯದ ಪೆಟ್ಟಿಗೂ ನಾದದ ಎತ್ತರ ಬೇರೆಯಾಗಿದ್ದರೆ ಏರಿದ್ದು ಗಾಯಕನಲ್ಲ, ಕುಗ್ಗಿದ್ದು ಸೆಲ್ಲು. ಧ್ವನಿವರ್ಧಕದ ಮೂಲಕ ಒಳಸೇರಿದ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ ಅಳತೆಗೋಲಾಗಿ ಬಳಸುವುದುಂಟು. ಆದರೆ ಅಂದಿನ ನಮ್ಮ ವಿದ್ಯುಜ್ಜಾಲದಲ್ಲಿ ಆ ಆವರ್ತನವೇ ಸ್ಥಿರವಾಗಿರುತ್ತಿರಲಿಲ್ಲವಾದ್ದರಿಂದ ಕಂಚನ್ನು ನಂಬುವುದೇ ಲೇಸು. ಸ್ಫಟಿಕದ ಆಂದೋಲನಕ್ಕೆ ವೇಗವನ್ನು ಬಂಧಿಸುವ ವ್ಯವಸ್ಥೆ 1984ರ ಸೋನಿ ಡಬ್ಲ್ಯುಎಂ-ಡಿ6ಸಿ ಎಂಬ ಕೈಯಲ್ಲಿ ಹಿಡಿಯಬಲ್ಲ ಯಂತ್ರದಲ್ಲಿತ್ತು.

ನಕಲು ಮತ್ತು ಒಂಟಿ ಕೇಳುವಿಕೆ

1980ರ ದಶಕದ ಹೊತ್ತಿಗೆ ಸೌಲಭ್ಯಗಳ ಪೈಪೋಟಿ ವಿಚಿತ್ರ ರೂಪಗಳನ್ನೂ ತಾಳಿತು. ಕದ್ದೊಯ್ಯಲು ಯತ್ನಿಸಿದರೆ ಕೂಗಿಕೊಳ್ಳುವ ಕೊನಿಯನ್ ಸಿ-100ಎಫ್, ಗ್ರಾಮಫೋನ್ ತಟ್ಟೆಯನ್ನು ನಿಲ್ಲಿಸಿಕೊಂಡು ಎರಡೂ ಬದಿ ನುಡಿಸುವ ಶಾರ್ಪ್ ಯಂತ್ರ ಇವೆಲ್ಲ ಇಂದು ಸಂಗ್ರಾಹಕರ ಕುತೂಹಲಕ್ಕೆ ಆಹಾರ. ದೀರ್ಘ ಪರಿಣಾಮ ಬೀರಿದ್ದು ಒಂದೇ ಪೆಟ್ಟಿಗೆಯಲ್ಲಿ ಎರಡು ಕ್ಯಾಸೆಟ್ ಕಿಂಡಿಗಳನ್ನಿಟ್ಟ ವಿನ್ಯಾಸ. ಇದರಿಂದ ನಕಲು ಮಾಡುವುದು ಮನೆಕೆಲಸವಾಯಿತು. ಇಂಗ್ಲೆಂಡಿನಲ್ಲಿ ಆಮ್‌ಸ್ಟ್ರಾಡ್ ಸಂಸ್ಥೆಯ ವೇಗದ ನಕಲು ಯಂತ್ರದ ವಿರುದ್ಧ ಸಂಗೀತ ಪ್ರಕಾಶಕರು ಹೂಡಿದ ದಾವೆ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ, 1988ರಲ್ಲಿ ಯಂತ್ರ ಮಾರುವವನು ಹಕ್ಕು ಮೀರಿದವನಲ್ಲವೆಂಬ ತೀರ್ಪು ಬಂತು. ಭಾರತದಲ್ಲಿ 1984ರಲ್ಲಿಯೇ ಕೃತಿಸ್ವಾಮ್ಯ ಕಾಯ್ದೆಯನ್ನು ತಿದ್ದಿ ಧ್ವನಿಚೌರ್ಯದ ಶಿಕ್ಷೆಯನ್ನು ಬಿಗಿಗೊಳಿಸಲಾಯಿತು. ಇದೇ ಕಾಲದ ಉತ್ತರ ಭಾರತವನ್ನು ಕುರಿತು ಪೀಟರ್ ಮ್ಯಾನುಯೆಲ್ 1993ರಲ್ಲಿ ಪ್ರಕಟಿಸಿದ ಅಧ್ಯಯನ, ಒಂದೇ ದೊಡ್ಡ ಸಂಸ್ಥೆಯ ಹಿಡಿತದಲ್ಲಿದ್ದ ಧ್ವನಿಮುದ್ರಿಕೆಯ ಮಾರುಕಟ್ಟೆ ಕ್ಯಾಸೆಟ್ಟಿನಿಂದಾಗಿ ಪ್ರಾದೇಶಿಕ ಭಾಷೆಗಳಿಗೂ ಜನಪದ ಪ್ರಕಾರಗಳಿಗೂ ಹೇಗೆ ತೆರೆದುಕೊಂಡಿತೆಂಬುದನ್ನು ವಿವರಿಸುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಯಕ್ಷಗಾನ ತಾಳಮದ್ದಳೆಗಳ ಅರ್ಥಗಾರಿಕೆಯನ್ನು ಅಭಿಮಾನಿಗಳು ತಾವೇ ಮುದ್ರಿಸಿ, ನಕಲು ಮಾಡಿ, ಪರಸ್ಪರ ಹಂಚಿಕೊಂಡ ಬಗೆಯೂ ಈ ಚರಿತ್ರೆಯ ಭಾಗ. ಆಶುವಾಗಿ ಹೊಮ್ಮಿ ಅಂದೇ ಗಾಳಿಯಲ್ಲಿ ಕರಗಬೇಕಾಗಿದ್ದ ವಾದ ಸಂವಾದ ಮರುಕೇಳಿಕೆಗೆ ಒದಗಿತು. ಹೀಗೆ ಉಳಿದ ಪ್ರತಿಗಳು ಹಲವು ವೇಳೆ ನಕಲಿನ ನಕಲು. ಪ್ರತಿ ತಲೆಮಾರಿಗೂ ಮೊರೆತ ಹೆಚ್ಚುತ್ತದೆ, ಉಚ್ಚಸ್ವರಾಂಶ ಕಡಿಮೆಯಾಗುತ್ತದೆ. ಇಮ್ಮಡಿ ವೇಗದ ನಕಲಿನಲ್ಲಿ ಇನ್ನೂ ಬೇಗ. ಹಸ್ತಪ್ರತಿಗಳ ವಂಶವೃಕ್ಷ ಬಿಡಿಸುವ ಗ್ರಂಥಸಂಪಾದಕರಿಗೆ ಈ ಕೆಲಸ ಅಪರಿಚಿತವಲ್ಲ. ಲಿಪಿಕಾರನ ಸ್ಖಾಲಿತ್ಯಗಳಂತೆ ಹಿಂದಿನ ಯಂತ್ರದ ಟಿಕ್ ಸದ್ದು, ಜಾರಿಕೆಗಳೂ ನಕಲಿನಿಂದ ನಕಲಿಗೆ ದಾಟುತ್ತವೆ. ಎರಡು ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಜಾರಿಕೆ ಇದ್ದರೆ ಅವೆರಡಕ್ಕೂ ಮಾತೃಪ್ರತಿ ಒಂದೇ.

ಇದಕ್ಕೆ ವ್ಯತಿರಿಕ್ತವಾದ ದಾರಿ ಹಿಡಿದದ್ದು ವಾಕ್‌ಮನ್. ಸೋನಿಯ ಸ್ಥಾಪಕರಲ್ಲೊಬ್ಬರಾದ ಮಸಾರು ಇಬುಕಾ ವಿಮಾನಯಾನದಲ್ಲಿ ಸಂಗೀತ ಕೇಳಲು ಟಿಸಿ-ಡಿ5 ಯಂತ್ರವನ್ನೇ ಹೊತ್ತೊಯ್ಯುತ್ತಿದ್ದರು. ಅದರ ಭಾರ ಸಾಕಾಗಿ, ಪತ್ರಕರ್ತರಿಗಾಗಿ ಮಾಡಿದ್ದ ‘ಪ್ರೆಸ್‌ಮನ್’ ಎಂಬ ಚಿಕ್ಕ ಯಂತ್ರವನ್ನು ಸ್ಟೀರಿಯೋ ಆಗಿ ಬದಲಿಸಿಕೊಡುವಂತೆ ಕೇಳಿದರು. ಎಂಜಿನಿಯರುಗಳು ಮುದ್ರಣದ ಭಾಗವನ್ನೂ ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿ ಆ ಜಾಗದಲ್ಲಿ ಸ್ಟೀರಿಯೋ ಮಂಡಲವನ್ನು ಇಟ್ಟರು. ಮುದ್ರಿಸಲಾಗದ ಟೇಪನ್ನು ಯಾರು ಕೊಳ್ಳುತ್ತಾರೆಂದು ಸಂಸ್ಥೆಯ ಒಳಗೇ ಅನುಮಾನಿಸಿದವರಿದ್ದರು. ಅಕಿಯೊ ಮೊರಿಟಾ ಪಟ್ಟು ಹಿಡಿದದ್ದರಿಂದ 1979ರ ಜುಲೈ 1ರಂದು ಟಿಪಿಎಸ್-ಎಲ್2 ಜಪಾನಿನಲ್ಲಿ 33,000 ಯೆನ್ ಬೆಲೆಗೆ ಮಾರಾಟಕ್ಕೆ ಬಂತು. ಇದಕ್ಕೂ ಮೊದಲೇ, 1977ರಲ್ಲಿ, ಆಂಡ್ರಿಯಾಸ್ ಪಾವೆಲ್ ಇಟಲಿಯಲ್ಲಿ ಇಂಥದೇ ಕಲ್ಪನೆಗೆ ಹಕ್ಕುಸ್ವಾಮ್ಯದ ಅರ್ಜಿ ಸಲ್ಲಿಸಿದ್ದರು. ದೀರ್ಘ ವ್ಯಾಜ್ಯದ ಬಳಿಕ 2000ದ ದಶಕದ ಆರಂಭದಲ್ಲಷ್ಟೇ ಸೋನಿ ಅವರೊಂದಿಗೆ ಒಪ್ಪಂದಕ್ಕೆ ಬಂತು.

ಮೊದಲ ವಾಕ್‌ಮನ್‌ನಲ್ಲಿದ್ದ ಎರಡು ಸೌಲಭ್ಯಗಳು ಅದರ ತಯಾರಕರ ಮುಜುಗರವನ್ನು ಹೊರಗೆಡಹುತ್ತವೆ. ಒಬ್ಬರೇ ಕಿವಿ ಮುಚ್ಚಿಕೊಂಡು ಕೇಳುವುದು ಅಸಭ್ಯವೆನಿಸೀತೆಂದು ಮೊರಿಟಾ ಶಂಕಿಸಿದ್ದರಿಂದ ಇಬ್ಬರು ಒಟ್ಟಿಗೆ ಕೇಳಲು ಎರಡು ಕಿಂಡಿಗಳನ್ನಿಡಲಾಯಿತು. ‘ಹಾಟ್‌ಲೈನ್’ ಎಂಬ ಕಿತ್ತಳೆ ಬಣ್ಣದ ಗುಂಡಿಯನ್ನು ಒತ್ತಿದರೆ ಸಂಗೀತ ತಗ್ಗಿ, ಒಳಗಿದ್ದ ಪುಟ್ಟ ಮೈಕ್ ಮೂಲಕ ಎದುರಿಗಿದ್ದವರ ಮಾತು ಕೇಳುತ್ತಿತ್ತು. ಮುದ್ರಣವನ್ನು ಕಳೆದುಕೊಂಡ ಯಂತ್ರದಲ್ಲಿ ಮೈಕ್ ಉಳಿದದ್ದು ಹಿಂದಿನ ಜನ್ಮದ ನೆನಪಿನಂತೆ. ಜನ ಮಾತ್ರ ಒಬ್ಬರೇ ಕೇಳುವುದನ್ನು ಬಹುಬೇಗ ರೂಢಿಸಿಕೊಂಡರು. 1981ರ ಡಬ್ಲ್ಯುಎಂ-2ರಲ್ಲಿ ಹಾಟ್‌ಲೈನ್ ಇಲ್ಲ. ಶುಹೇ ಹೊಸೊಕಾವಾ 1984ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ವಾಕ್‌ಮನ್ನನ್ನು ನಗರಜೀವಿಯ ನಡಿಗೆಗೆ ಸಂಬಂಧಿಸಿ ಹೊಸ ಸ್ವಾತಂತ್ರ್ಯವಾಗಿ ಕಂಡಿದ್ದಾರೆ. ಜಾನಪದದ ಕಡೆಯಿಂದ ನೋಡಿದಾಗ ಆ ಮಾತನ್ನು ಪೂರ್ತಿ ಒಪ್ಪುವುದು ಕಷ್ಟ. ಕೈಗೆ ಬಂದಿದ್ದ ಮುದ್ರಿಸುವ ಶಕ್ತಿ ಹದಿನೈದೇ ವರ್ಷಗಳಲ್ಲಿ ಅತ್ಯಂತ ಜನಪ್ರಿಯ ಯಂತ್ರದಿಂದ ಮಾಯವಾದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಕ್ಯಾಸೆಟ್ಟುಗಳಿಂದ ಗಣಕಕ್ಕೆ ಧ್ವನಿಯನ್ನು ವರ್ಗಾಯಿಸುವ ಕಾರ್ಯ ಹಲವು ಸಂಗ್ರಹಗಳಲ್ಲಿ ನಡೆದಿದೆ. ಯುನೆಸ್ಕೋ ಮತ್ತು ಅಂತರರಾಷ್ಟ್ರೀಯ ಧ್ವನಿಸಂಗ್ರಹಾಲಯಗಳ ಸಂಘ 2019ರಲ್ಲಿ ಆರಂಭಿಸಿದ ಕಾಂತೀಯ ಪಟ್ಟಿಗಳ ಕುರಿತ ಎಚ್ಚರಿಕೆಯ ಯೋಜನೆ, ನುಡಿಸುವ ಯಂತ್ರಗಳೂ ಬಿಡಿಭಾಗಗಳೂ ಸಿಗದೆ 2025ರ ಸುಮಾರಿಗೆ ಈ ಕೆಲಸ ದುಸ್ಸಾಧ್ಯವಾಗಬಹುದೆಂದು ಹೇಳಿತ್ತು. ಅವಸರ ಅರ್ಥವಾಗುವಂಥದ್ದು. ಆದರೆ ವರ್ಗಾವಣೆಯ ವೇಳೆ ಮೊರೆತವನ್ನು ಸೋಸಿ, ಟಿಕ್ ಸದ್ದುಗಳನ್ನು ಕತ್ತರಿಸಿ, ಜಾರಿಕೆಗಳನ್ನು ನೇರಗೊಳಿಸಿ ‘ಶುದ್ಧ’ ಪ್ರತಿಯೊಂದನ್ನೇ ಉಳಿಸಿದರೆ, ಮೇಲೆ ಹೇಳಿದ ಯಾವ ಪರೀಕ್ಷೆಗೂ ಮುಂದೆ ಆಧಾರವಿರದು. ಸಂಘದ ಮಾರ್ಗಸೂಚಿಯೂ ಮೊದಲು ಏನನ್ನೂ ತಿದ್ದದ ಪ್ರತಿಯನ್ನು 24 ಬಿಟ್‌ಗಳಲ್ಲಿ, ಕನಿಷ್ಠ 48 ಕಿಲೋಹರ್ಟ್ಸ್‌ಗೆ ಮಾಡಿಡಬೇಕೆಂದು ಹೇಳುತ್ತದೆ. ಕ್ಯಾಸೆಟ್ಟಿನ ಆರಂಭದಲ್ಲಿ ಸಂಗ್ರಾಹಕ ಮೈಕನ್ನು ಬೆರಳಿನಿಂದ ತಟ್ಟಿ, ‘ಹಲೋ ಹಲೋ, ಬರ್ತಾ ಇದೆಯಾ’ ಎಂದು ಕೇಳುವ ಕೆಲವು ಕ್ಷಣಗಳಿರುತ್ತವೆ. ವರ್ಗಾಯಿಸುವವರು ಸಾಮಾನ್ಯವಾಗಿ ಮೊದಲು ಕತ್ತರಿಸುವುದು ಅದನ್ನೇ. ಆ ಬೆರಳಿನ ಪೆಟ್ಟಿನ ಹಿಂದೆಯೇ ದನಿ ಎಷ್ಟು ಕುಗ್ಗಿತು, ಮತ್ತೆ ಏರಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಅಳೆದರೆ, ಮುಂದಿನ ಅರ್ಧ ಗಂಟೆಯ ಹಾಡನ್ನು ಯಾವ ಬಗೆಯ ಯಂತ್ರ ಕೇಳಿಸಿಕೊಂಡಿತೆಂಬುದು ತಿಳಿಯುತ್ತದೆ.